ಹಣ್ಣಿನ ಬುಟ್ಟಿಯ ಕೆಳಗಿನ ಲಕೋಟೆ

ಕಳೆದ ಸಂಚಿಕೆಯ ಸಮಸ್ಯೆ: ನಾನು ಶಿವಮೊಗ್ಗ ಕಡೆಯ ಮೃದಂಗ ವಾದಕ, ವಯಸ್ಸು 34. ಆಕಾಶವಾಣಿ ಕಲಾವಿದರಿಗೆ ಕೊಡುವ ಶ್ರೇಣಿಗಳಲ್ಲಿ ‘ಬಿ ಹೈ’ ಇದೆ. ಸಂಗೀತ ಕಚೇರಿ ಮುಗಿದ ಮೇಲೆ ಹಣ್ಣಿನ ಬುಟ್ಟಿಯ ಜೊತೆ ಲಕೋಟೆ ಕೊಡುತ್ತಾರೆ, ಅದರಲ್ಲಿ ಎಷ್ಟಿದೆ ಎಂದು ತಿಳಿಯುವುದು ಬಸ್ಸಿನಲ್ಲಿ ಕುಳಿತ ಮೇಲೆ. ಕೇಳಿದರೆ ‘ವೇದಿಕೆ ಕೊಟ್ಟಿದ್ದೇವಲ್ಲ’ ಎನ್ನುತ್ತಾರೆ, ಮುಂದಿನ ವರ್ಷ ಕರೆಯುವುದಿಲ್ಲ. ಮಾವನವರು ‘ಇದೆಲ್ಲ ಸರಿ, ಕೆಲಸ ಏನು ಮಾಡುತ್ತೀರಿ?’ ಎಂದು ಕೇಳುತ್ತಾರೆ. ಮೃದಂಗ ಬದಿಗಿಟ್ಟು ಭಾವಮೈದುನನ ಅಂಗಡಿ ಸೇರಲೇ?

ಓದುಗರು ಬರೆದ ಉತ್ತರಗಳು:

*

ಮಗನ ವಯಸ್ಸಿನವನು ನೀನು, ಏಕವಚನಕ್ಕೆ ಬೇಸರಪಡಬೇಡಪ್ಪ. ಮೂವತ್ತೈದು ವರ್ಷ ಪಿಟೀಲು ಹಿಡಿದು ಗಾಯಕರ ಪಕ್ಕದಲ್ಲಿ ಕುಳಿತವಳು ನಾನು. ತಡವಾಗಿ ಕಲಿತದ್ದೊಂದಿದೆ: ದಿನಾಂಕ ಒಪ್ಪುವ ಫೋನಿನಲ್ಲೇ ಮೊತ್ತವನ್ನೂ ಹೇಳಿಬಿಡಬೇಕು. ಮಂಗಳ ಹಾಡಿದ ಮೇಲೆ, ಈಗಷ್ಟೇ ಶಾಲು ಹೊದಿಸಿದವರ ಮುಂದೆ, ಆ ಮಾತು ಬಾಯಿಗೇ ಬರುವುದಿಲ್ಲ. ಆಕಾಶವಾಣಿಯಿಂದ ನಮಗೆ ಕರಾರುಪತ್ರ ಮೊದಲೇ ಬರುತ್ತದೆ, ಶ್ರೇಣಿಗೆ ತಕ್ಕ ಮೊತ್ತ ಅದರಲ್ಲೇ ಇರುತ್ತದೆ, ಸಹಿ ಹಾಕಿ ನುಡಿಸಿ ಬರುತ್ತೇವೆ. ಅಲ್ಲಿ ಇಲ್ಲದ ಸಂಕೋಚ ಕಚೇರಿ ನಡೆಸುವ ಸಂಗೀತ ಸಭೆಯವರ ಮುಂದೆ ಏಕೋ?

ಅನೇಕ ಕಡೆ ಒಟ್ಟು ಹಣವನ್ನು ಮುಖ್ಯ ಕಲಾವಿದರ ಕೈಗಿಡುತ್ತಾರೆ, ಅವರು ಹಂಚಿದ್ದೇ ಪಾಲು. ‘ನನ್ನದನ್ನು ನನಗೇ ಕೊಡಿ’ ಎಂದದ್ದಕ್ಕೆ ಒಬ್ಬ ಹಿರಿಯ ಗಾಯಕರು ಎರಡು ವರ್ಷ ನನ್ನನ್ನು ಕರೆಯಲಿಲ್ಲ. ಆಮೇಲೆ ಕರೆದರು. ಅವರ ಸಂಗತಿಗಳನ್ನು (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದನ್ನು) ಬಿಡದೆ ಹಿಂಬಾಲಿಸುವವರು ಬೇರೆ ಯಾರೂ ಸಿಕ್ಕಿರಲಿಕ್ಕಿಲ್ಲ!

ನಮ್ಮ ಮೈಸೂರು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಕೊಂಡದ್ದು ಹಿಂದಿನ ಸಾಲಿಗೂ ನಾದ ಮುಟ್ಟಲೆಂದು. 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಅವರಿಗೆ ‘ಸಂಗೀತ ಕಲಾನಿಧಿ’ ಬಿರುದು ಕೊಟ್ಟಿತು. ಮೃದಂಗಕ್ಕೆ ಅದು ಮೊದಲ ಸಲ ಬಂದದ್ದು 1966ರಲ್ಲಿ, ಪಾಲ್ಘಾಟ್ ಮಣಿ ಅಯ್ಯರ್ ಅವರಿಗೆ. ಅಕಾಡೆಮಿಗೇ ಅಷ್ಟು ಕಾಲ ಹಿಡಿದಿದೆ, ನಿನ್ನ ಮಾವನವರಿಗೂ ಸ್ವಲ್ಪ ಸಮಯ ಕೊಡು.

– ಪಿಟೀಲು ವಾದಕಿ, ಮೈಸೂರು

*

ಬೈಗುಳಕ್ಕೆ ಸಿದ್ಧನಾಗಿಯೇ ಬರೆಯುತ್ತಿದ್ದೇನೆ. ನಮ್ಮದು ಉಚಿತ ಪ್ರವೇಶದ ಸಭೆ. ರಾಮನವಮಿಗೆ ಐದು ಕಚೇರಿ, ಹಣವೆಲ್ಲ ದಾನಿಗಳದ್ದು. ನಿಮ್ಮ ಪತ್ರ ಓದಿದ ರಾತ್ರಿ ಲೆಕ್ಕದ ಪುಸ್ತಕ ತೆರೆದೆ. ಧ್ವನಿವರ್ಧಕದವರಿಗೆ ಮುಂಗಡ, ಶಾಮಿಯಾನದವರಿಗೆ ಮುಂಗಡ, ಅಡುಗೆಯವರಿಗೆ ಮುಂಗಡ. ಪಕ್ಕವಾದ್ಯದವರ ಸಾಲಿನಲ್ಲಿ ಮಾತ್ರ ‘ಉಳಿದದ್ದು ನೋಡಿಕೊಂಡು’ ಎಂದಿದೆ, ನನ್ನದೇ ಕೈಬರಹ. ಪಾನಕ ಕೋಸಂಬರಿಯ ಖರ್ಚು ಖಂಜಿರದವರಿಗೆ ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ಈ ಸಲ ನಾಲ್ಕೇ ಕಚೇರಿ ಮಾಡಿ ಎಲ್ಲರಿಗೂ ಮೊದಲೇ ಮೊತ್ತ ತಿಳಿಸೋಣವೆಂದು ಸಮಿತಿಗೆ ಹೇಳಿದ್ದೇನೆ. ಇನ್ನೂ ಒಪ್ಪಿಲ್ಲ.

– ಸಭೆಯೊಂದರ ಕಾರ್ಯದರ್ಶಿ, ಚಿಕ್ಕಮಗಳೂರು ಜಿಲ್ಲೆ

*

ಅಣ್ಣಾ, ನನ್ನ ಯಜಮಾನರು ತಬಲಾ ನುಡಿಸುತ್ತಾರೆ, ಲೆಕ್ಕ ನಾನು ಬರೆಯುತ್ತೇನೆ. ನಿಮಗೆ ಮೊದಲು ಬೇಕಾದದ್ದು ಒಂದು ಬಿಲ್ ಪುಸ್ತಕ. ತಗ್ಗಿನ ಶ್ರುತಿಗೊಂದು, ಹೆಚ್ಚಿನ ಶ್ರುತಿಗೊಂದು ಮೃದಂಗ ಇಟ್ಟಿರುತ್ತೀರಿ. ಅದರ ಚರ್ಮದ ಮುಚ್ಚಿಗೆ ಬದಲಿಸಿದ ಖರ್ಚು, ಬಸ್ಸಿನ ಟಿಕೆಟ್, ವಾದ್ಯ ಇಳಿಸಿ ಏರಿಸಿದ ಆಟೊ, ಎಲ್ಲವನ್ನೂ ಬರೆದಿಡಿ. ಆಗ ಯಾವ ಮೊತ್ತಕ್ಕಿಂತ ಕೆಳಗೆ ನುಡಿಸಿದರೆ ಕೈಯಿಂದ ಹೋಗುತ್ತದೆ ಎನ್ನುವುದು ನಿಮಗೇ ತಿಳಿಯುತ್ತದೆ. ‘ಬಿಲ್ ಎಂದರೆ ಜಿಎಸ್‌ಟಿ’ ಎಂದು ಸಂಘಟಕರು ಹೆದರಿಸಿದರೆ ಹೆದರಬೇಡಿ. ಶಾಸ್ತ್ರೀಯ ಅಥವಾ ಜನಪದ ಕಲೆಯ ಒಂದು ಕಾರ್ಯಕ್ರಮಕ್ಕೆ 1.5 ಲಕ್ಷ ರೂಪಾಯಿವರೆಗಿನ ಸಂಭಾವನೆಗೆ ವಿನಾಯಿತಿ ಇದೆ. (ಆ ಮಿತಿ ದಾಟುವ ದಿನ ಬಂದರೆ ಸಂತೋಷವಾಗಿಯೇ ಕಟ್ಟೋಣ.) ಆದಾಯ ತೆರಿಗೆ ಮುರಿದುಕೊಂಡಿದ್ದರೆ ಅದರ ಪ್ರಮಾಣಪತ್ರ ಕೇಳಿ ಪಡೆಯಿರಿ. ನಮ್ಮ ಮನೆಗೆ ಬ್ಯಾಂಕು ಸಾಲ ಕೊಟ್ಟದ್ದು ಮೂರು ವರ್ಷದ ರಿಟರ್ನ್ ನೋಡಿ. ಗೋಡೆಯ ಸ್ಮರಣಿಕೆಗಳನ್ನು ಯಾರೂ ಕೇಳಲಿಲ್ಲ. ಮಾವನವರಿಗೂ ಅದೇ ಕಾಗದ ತೋರಿಸಿ.

ಕಚೇರಿಯ ವಿಡಿಯೊ ಯೂಟ್ಯೂಬಿಗೆ ಹೋಗುತ್ತದೆಯೇ? 2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ವೇದಿಕೆಯ ಕಲಾವಿದರಿಗೂ ಹಕ್ಕಿದೆ, ಅದು 50 ವರ್ಷ ಉಳಿಯುತ್ತದೆ. ಗಾಯಕರೊಬ್ಬರು ಒಪ್ಪಿದರೆ ಸಾಲದು, ನಿಮ್ಮನ್ನೂ ಕೇಳಬೇಕು. ನಿಮ್ಮ ಹೆಸರು ಹಾಕಿ ಎನ್ನುವ ಹಕ್ಕೂ ಅದರಲ್ಲೇ ಇದೆ. ‘ಮತ್ತು ವೃಂದ’ ಎಂದು ಬರೆದು ಕೈತೊಳೆದುಕೊಳ್ಳುವವರಿಗೆ ಇದನ್ನು ತಿಳಿಸಿ.

ಅಂಗಡಿಯಲ್ಲಿ ಬೆಳಗಿನ ಹೊತ್ತು ಕುಳಿತರೆ ವಿದ್ಯೆಗೆ ಮೈಲಿಗೆಯೇನೂ ಆಗುವುದಿಲ್ಲ. ಆದರೆ ರಾಮನವಮಿಯ ತಿಂಗಳು ಪೂರ್ತಿ ರಜೆ ಬೇಕಾಗುತ್ತದೆ, ಭಾವಮೈದುನ ಕೊಟ್ಟಾನೇ ಕೇಳಿಕೊಳ್ಳಿ.

– ಗೃಹಿಣಿ, ಧಾರವಾಡ

*

ಬ್ಯಾಂಕಿನ ನೌಕರಿ ಮಾಡುತ್ತಾ ಸಂಜೆ ಘಟ ನುಡಿಸಿದವನು ನಾನು. ಒಂದನೆಯ ತಾರೀಖಿಗೆ ಸಂಬಳ ಬರುತ್ತಿತ್ತು, ಹಾಗಾಗಿ ‘ಏನಾದರೂ ಕೊಡಿ ಸ್ವಾಮಿ’ ಎನ್ನುವುದನ್ನು ದೊಡ್ಡ ಗುಣವೆಂದುಕೊಂಡಿದ್ದೆ. ಪಕ್ಕದಲ್ಲಿ ಕುಳಿತ ಮೃದಂಗದವರಿಗೆ ಆ ಹಣದಲ್ಲೇ ಮನೆ ಬಾಡಿಗೆ ಆಗಬೇಕಿತ್ತು. ಒಮ್ಮೆ ಅವರು ತಮ್ಮ ಮೊತ್ತ ಹೇಳಿದಾಗ ಸಂಘಟಕರು ನನ್ನತ್ತ ಕೈ ತೋರಿಸಿ, ‘ಇವರು ಯಾವತ್ತಾದರೂ ಕೇಳಿದ್ದಾರೆಯೇ?’ ಎಂದರು. ನಾನು ನಕ್ಕುಬಿಟ್ಟೆ. ಅವರು ಮರುಮಾತನಾಡದೆ ಮೃದಂಗಕ್ಕೆ ಗವಸು ಹಾಕಿದರು.

ಈಗ ನಿವೃತ್ತನಾಗಿದ್ದೇನೆ, ಕರೆದಲ್ಲಿಗೆ ಇನ್ನೂ ಹೋಗುತ್ತೇನೆ. ನಿಮ್ಮ ಜೊತೆ ನುಡಿಸುವ ಸಂದರ್ಭ ಬಂದರೆ ನಿಮ್ಮ ಮೊತ್ತವನ್ನು ನನಗೆ ಮುಂಚಿತವಾಗಿ ತಿಳಿಸಿ. ಅದಕ್ಕೆ ಹೊಂದುವಂತೆ ನಾನೂ ಕೇಳುತ್ತೇನೆ.

– ಘಟ ವಾದಕ, ಬೆಂಗಳೂರು