ಹೂಡಿಕೆ ಚಟುವಟಿಕೆಗಳ ನಗದು ಹರಿವು: ತಖ್ತೆಯ ಅಂತಿಮ ನಗದು ಬ್ಯಾಂಕ್ ಪುಸ್ತಕಕ್ಕಿಂತ 420 ಕಡಿಮೆ ಬರುತ್ತಿದೆ

ಹೊಸಲೆಕ್ಕ:
ಮೂರು ದಿನಗಳಿಂದ ಇದೇ ನಗದು ಹರಿವಿನ ತಖ್ತೆಯ ಮುಂದೆ ಕುಳಿತಿದ್ದೇನೆ, ತಾಳೆಯಾಗುತ್ತಿಲ್ಲ. ಅಂಕಿಗಳೆಲ್ಲ ಸಾವಿರಗಳಲ್ಲಿವೆ. ಸ್ಥಿರಾಸ್ತಿಗಳ ನಿವ್ವಳ ಮೌಲ್ಯ ವರ್ಷದ ಆರಂಭದಲ್ಲಿ 4,000 ಇತ್ತು, ಕೊನೆಯಲ್ಲಿ 5,200 ಆಗಿದೆ. ಸವಕಳಿ 600. ಪುಸ್ತಕ ಮೌಲ್ಯ 250 ಇದ್ದ ಯಂತ್ರವೊಂದನ್ನು 300ಕ್ಕೆ ಮಾರಿದ್ದೇವೆ. ಇವುಗಳಿಂದ ಖರೀದಿ 2,050 ಎಂದು ಕಂಡುಕೊಂಡು, ಮಾರಾಟದ 300 ಕಳೆದು, ಹೂಡಿಕೆ ಚಟುವಟಿಕೆಗಳ ನಿವ್ವಳ ಹೊರಹರಿವು 1,750 ಎಂದು ತೋರಿಸಿದ್ದೇನೆ. ಬ್ಯಾಂಕ್ ಪುಸ್ತಕದ ಶಿಲ್ಕಿಗಿಂತ ತಖ್ತೆಯ ಅಂತಿಮ ನಗದು 420 ಕಡಿಮೆ ಇದೆ. ಎಲ್ಲಿ ತಪ್ಪಿದೆ?

ತಾಳೆಪಟ್ಟಿ:
ಯಂತ್ರ ಮಾರಾಟದ ಲಾಭವನ್ನು ನೋಡಿ. ಪರೋಕ್ಷ ವಿಧಾನದಲ್ಲಿ (ನಿವ್ವಳ ಲಾಭದಿಂದ ಆರಂಭಿಸಿ ನಗದನ್ನು ಕಂಡುಹಿಡಿಯುವ ಕ್ರಮ) ಆ 50ನ್ನು ಕಾರ್ಯಾಚರಣೆಯ ಭಾಗದಲ್ಲಿ ನಿವ್ವಳ ಲಾಭದಿಂದ ಕಳೆಯಬೇಕು, ಮಾರಾಟದ ಪೂರ್ತಿ ಮೊತ್ತವಾದ 300 ಮಾತ್ರ ಹೂಡಿಕೆಯ ಭಾಗಕ್ಕೆ ಬರಬೇಕು. ಹತ್ತರಲ್ಲಿ ಒಂಬತ್ತು ಸಲ ತಪ್ಪಾಗುವುದು ಇಲ್ಲಿಯೇ.

ಹೊಸಲೆಕ್ಕ:
ಸರ್, ಅದನ್ನು ಕಳೆದಿದ್ದೇನೆ.

ತಾಳೆಪಟ್ಟಿ:
ಹಾಗಿದ್ದರೆ ಎರಡು ಸಲ ಕಳೆದಿರುತ್ತೀರಿ. ಕಾರ್ಯಾಚರಣೆಯಲ್ಲಿ ಒಮ್ಮೆ ಕಳೆದು, ಹೂಡಿಕೆಯಲ್ಲಿ 300ರ ಬದಲು 250 ಬರೆದಿದ್ದೀರಾ ಎಂದು ಮತ್ತೊಮ್ಮೆ ಪರಿಶೀಲಿಸಿ.

ಖಾತೆಕಡತ:
ತಾಳೆಪಟ್ಟಿಯವರೇ, 300 ಎಂದೇ ಬರೆದಿರುವುದಾಗಿ ಅವರು ಮೊದಲೇ ಹೇಳಿದ್ದಾರೆ. ಲಾಭವನ್ನು ಕಳೆಯಲು ಮರೆತಿದ್ದರೆ ತಖ್ತೆಯ ನಗದು 50 ಹೆಚ್ಚಾಗುತ್ತದೆ, ಎರಡು ಸಲ ಕಳೆದಿದ್ದರೆ 50 ಕಡಿಮೆಯಾಗುತ್ತದೆ. ಎರಡರಿಂದಲೂ 420 ಹುಟ್ಟುವುದಿಲ್ಲ. ಹೊಸಲೆಕ್ಕ ಅವರೇ, ಆ 2,050ರಲ್ಲಿ ಹಣ ಕೊಡದೆ ಪುಸ್ತಕಕ್ಕೆ ಬಂದ ಆಸ್ತಿ ಯಾವುದಾದರೂ ಇದೆಯೇ? ಆಸ್ತಿ ದಾಖಲೆಯನ್ನು ಸಾಲುಸಾಲಾಗಿ ನೋಡಿ ಹೇಳಿ.

ತಾಳೆಪಟ್ಟಿ:
ನಾನು ಪ್ರತಿ ಆಸ್ತಿಗೂ ಪ್ರತ್ಯೇಕ ಕಾಲಂ ಇಟ್ಟು, ಪ್ರತಿ ಕಾಲಂನ ಕೆಳಗೆ ಪರಿಶೀಲನೆಯ ಸಾಲೊಂದನ್ನು ಬರೆಯುತ್ತೇನೆ. ಈ ಹಾಳೆಯಲ್ಲಿ ವ್ಯತ್ಯಾಸ ಎಂದೂ ಉಳಿದಿಲ್ಲ. ಅಂದ ಹಾಗೆ, ಬಂದ ಬಡ್ಡಿಯನ್ನು ಎಲ್ಲಿ ತೋರಿಸಿದ್ದೀರಿ? ಅದು ಕಾರ್ಯಾಚರಣೆಯ ಭಾಗಕ್ಕೇ ಸೇರಬೇಕು.

ಖಾತೆಕಡತ:
ಅಮೆರಿಕದ ಲೆಕ್ಕಪದ್ಧತಿಯಲ್ಲಿ ಹಾಗೆ. ನಗದು ಹರಿವಿನ ಅಂತರರಾಷ್ಟ್ರೀಯ ಲೆಕ್ಕ ಮಾನದಂಡವಾದ ಐಎಎಸ್ 7ರಲ್ಲಿ ಇದುವರೆಗೆ ಆಯ್ಕೆಯಿತ್ತು. 2027ರ ಜನವರಿ 1ರಿಂದ ಆರಂಭವಾಗುವ ಲೆಕ್ಕವರ್ಷಗಳಿಗೆ ಹೊಸ ಅಂತರರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 18 ಅನ್ವಯವಾದಾಗ, ಬ್ಯಾಂಕುಗಳಂತಹ ಸಂಸ್ಥೆಗಳನ್ನು ಬಿಟ್ಟು ಉಳಿದವುಗಳಿಗೆ ಬಂದ ಬಡ್ಡಿಯೂ ಲಾಭಾಂಶವೂ ಹೂಡಿಕೆಯ ಭಾಗಕ್ಕೆ ಹೋಗುತ್ತವೆ. ಆದರೆ ಬಡ್ಡಿಯನ್ನು ಒಂದು ಭಾಗದಿಂದ ಇನ್ನೊಂದಕ್ಕೆ ಸರಿಸಿದರೆ ಒಟ್ಟು ಮೊತ್ತ ಬದಲಾಗದು. ಕೇಳಿರುವ ಪ್ರಶ್ನೆಗೆ ಅದು ಉತ್ತರವಲ್ಲ.

ತಾಳೆಪಟ್ಟಿ:
ಒಟ್ಟು ಬದಲಾಗದಿದ್ದರೂ ವರ್ಗೀಕರಣ ಸರಿಯಿರಬೇಕು ಎಂಬುದು ನನ್ನ ವಾದ.

ಹೊಸಲೆಕ್ಕ:
ಆಸ್ತಿ ದಾಖಲೆ ನೋಡಿದೆ. ಗೋದಾಮಿನ ಕಟ್ಟಡವೊಂದನ್ನು ಈ ವರ್ಷ ಐದು ವರ್ಷಗಳ ಲೀಸ್‌ಗೆ ಪಡೆದಿದ್ದೇವೆ, ಅದರ ಬಳಕೆಯ ಹಕ್ಕು 500 ಎಂದು ಆಸ್ತಿಗಳಲ್ಲಿ ಸೇರಿದೆ. ಎಲ್ಲರೂ ಹೀಗೆಯೇ ಮಾಡುವುದರಿಂದ ಬೇರೆಯಾಗಿ ಹೇಳಬೇಕೆಂದು ತೋಚಲಿಲ್ಲ. ಲೀಸ್ ಹೊಣೆ, ಅಂದರೆ ಮುಂದೆ ಕಟ್ಟಬೇಕಾದ ಬಾಕಿ, ವರ್ಷಾಂತ್ಯಕ್ಕೆ 420 ಉಳಿದಿದೆ. ಹಣಕಾಸು ಚಟುವಟಿಕೆಗಳ ಭಾಗವನ್ನು ಬ್ಯಾಂಕ್ ಸಾಲದ ಖಾತೆಯೊಂದರಿಂದಲೇ ತಯಾರಿಸಿದ್ದೆ.

ಖಾತೆಕಡತ:
ನಿಮ್ಮ 420 ಇದೇ. 2019ರಿಂದ ಜಾರಿಯಲ್ಲಿರುವ ಲೀಸ್ ಮಾನದಂಡ ಐಎಫ್‌ಆರ್‌ಎಸ್ 16ರ ಪ್ರಕಾರ ಇಂತಹ ಲೀಸ್ ಅಢಾವೆ ಪತ್ರಿಕೆಯ (ಬ್ಯಾಲೆನ್ಸ್ ಶೀಟ್) ಎರಡೂ ಬದಿಗಳಲ್ಲಿ, ಆಸ್ತಿಯಾಗಿಯೂ ಹೊಣೆಯಾಗಿಯೂ, ಕಾಣಿಸಿಕೊಳ್ಳುತ್ತದೆ. ಆದರೆ ಆಸ್ತಿ ದೊರೆತ ದಿನ ನಗದು ಹೊರಹೋಗುವುದಿಲ್ಲ. ಹಾಗಾಗಿ ಆ 500 ನಗದು ಹರಿವಿನ ತಖ್ತೆಯಲ್ಲಿ ಬರುವಂತಿಲ್ಲ, ಟಿಪ್ಪಣಿಯಲ್ಲಿ ಮಾತ್ರ ತಿಳಿಸಬೇಕು. ಖರೀದಿ 1,550ಕ್ಕೆ ಇಳಿಯುತ್ತದೆ. ಹೊಣೆ 500ರಿಂದ 420ಕ್ಕೆ ಇಳಿದಿರುವುದರಿಂದ, ಅದರ ಅಸಲಿಗೆಂದು ವರ್ಷದಲ್ಲಿ ಕಟ್ಟಿದ 80 ಹಣಕಾಸು ಚಟುವಟಿಕೆಗಳಲ್ಲಿ ಹೊರಹರಿವಾಗುತ್ತದೆ. ಒಂದು ಕಡೆ 500 ಕೂಡಿ, ಇನ್ನೊಂದು ಕಡೆ 80 ಕಳೆದರೆ ಉಳಿಯುವುದು 420.

ಇನ್ನೊಂದು ಮಾತು. ನಿಮಗೆ ಯಂತ್ರ ಮಾರಿದವರಿಗೆ ನೀವು ಇನ್ನೂ ಕೊಡಬೇಕಾದ ಬಾಕಿ ಏನಾದರೂ ವ್ಯಾಪಾರಿ ಬಾಕಿಗಳೊಳಗೆ ಸೇರಿಕೊಂಡಿದೆಯೇ?

ಹೊಸಲೆಕ್ಕ:
ಹೌದು, 200 ಇದೆ. ಆದರೆ ತಖ್ತೆ ಈಗ ತಾಳೆಯಾಗಿದೆಯಲ್ಲವೇ?

ಖಾತೆಕಡತ:
ತಾಳೆಯಾಗಿರುವುದರಿಂದಲೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಬಾಕಿಯ ಏರಿಕೆಯನ್ನು ಕಾರ್ಯಾಚರಣೆಯಲ್ಲಿ ಕೂಡಿಸಿದ್ದೀರಿ, ಇನ್ನೂ ಕೊಡದ ಅದೇ ಹಣವನ್ನು ಹೂಡಿಕೆಯಲ್ಲಿ ಹೊರಹರಿವೆಂದು ತೋರಿಸಿದ್ದೀರಿ. ಒಂದನ್ನೊಂದು ಹೊಡೆದುಹಾಕುತ್ತವೆ, ಆದರೆ ಕಾರ್ಯಾಚರಣೆಯ ನಗದು 200 ಹೆಚ್ಚಾಗಿ ಕಾಣುತ್ತದೆ. ಸಾಲ ಕೊಡುವವರು ಮೊದಲು ನೋಡುವ ಅಂಕಿ ಅದು, ಆದ್ದರಿಂದ ದಯವಿಟ್ಟು ತಿದ್ದಿ.

ಹೊಸಲೆಕ್ಕ:
ತಿದ್ದಿದೆ. ಖರೀದಿಗೆ ಕೊಟ್ಟ ನಗದು 1,350, ಮಾರಾಟದಿಂದ ಬಂದದ್ದು 300, ನಿವ್ವಳ ಹೊರಹರಿವು 1,050. ಬ್ಯಾಂಕ್ ಪುಸ್ತಕದೊಂದಿಗೆ ಕೊನೆಯ ಅಂಕಿಯವರೆಗೂ ಹೊಂದುತ್ತಿದೆ. ಇಬ್ಬರಿಗೂ ಧನ್ಯವಾದಗಳು.

ತಾಳೆಪಟ್ಟಿ:
ಸಂತೋಷ. ಆದರೆ ಬಂದ ಬಡ್ಡಿಯನ್ನು ಎಲ್ಲಿ ತೋರಿಸಿದಿರಿ ಎಂದು ನೀವು ಇನ್ನೂ ಹೇಳಲಿಲ್ಲ.