ನುಡಿಚಿತ್ರ (ಪತ್ರಿಕೆಯ ಫೀಚರ್ ಲೇಖನ) ಬರೆಯಲು ಕಲಿತದ್ದು ಹೇಗೆ? ನಿಮ್ಮ ಅನುಭವ ಹೇಳಿ

ಗಜನಿ ಹುಡುಗಿ, ಕುಮಟಾ:
ಅಘನಾಶಿನಿ ಹೊಳೆ ದಂಡೆಯ ಗಜನಿಯಲ್ಲಿ, ಅಂದರೆ ಉಪ್ಪು ನೀರಿನ ಗದ್ದೆಯಲ್ಲಿ, ಬೆಳೆಯುವ ಕಗ್ಗ ಭತ್ತದ ಮೇಲೆ 1,400 ಪದಗಳ ನುಡಿಚಿತ್ರ ಬರೆದು ಒಂದು ಪತ್ರಿಕೆಯ ಪುರವಣಿಗೆ ಕಳಿಸಿ ಎರಡು ತಿಂಗಳಾಯಿತು. ಹಾಕ್ತೇವೆ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ದುಡ್ಡು ಕೊಟ್ಟು ಬರವಣಿಗೆ ಕೋರ್ಸ್ ಸೇರಲಾ? ಮೊದಲು ಪತ್ರಿಕೆಯಲ್ಲೇ ಬರಬೇಕಾ, ವೆಬ್‌ಸೈಟಿಗೆ ಕೊಟ್ಟರೂ ನಡೆಯುತ್ತಾ? ಬರೆದು ಪಳಗಿದವರು ಹೇಳಿ.

ತೋಟದಮನೆ, ಶಿರಸಿ:
ಕೋರ್ಸ್ ಬೇಡ ತಂಗೀ. ನಾನು 8,500 ರೂಪಾಯಿ ಕಟ್ಟಿದೆ. ಹನ್ನೆರಡು ಭಾನುವಾರ, ಆನ್‌ಲೈನ್. ಮಳೆಗಾಲ ಬೇರೆ. ನಮ್ಮೂರಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಐದು ಪಾಠ ತಪ್ಪಿಹೋಯಿತು. ರೆಕಾರ್ಡಿಂಗ್ ಬೇಕಾದರೆ ಮತ್ತೆ 1,200 ಅಂದರು. ಅದನ್ನೂ ಕೊಟ್ಟೆ. ಆ ಸಂಕಟ ಇವತ್ತಿಗೂ ಇದೆ. ಇಷ್ಟೆಲ್ಲ ಆಗಿ ನಾನು ಬರೆದ ಒಂದು ಪುಟವನ್ನೂ ಯಾರೂ ಗೆರೆ ಎಳೆದು ತಿದ್ದಿಕೊಡಲಿಲ್ಲ.

ನಾನು ಕಲಿತದ್ದು ಅಡಿಕೆಯ ಕೊಳೆರೋಗದ ಲೇಖನದಿಂದ. ಮೊದಲ ಸಲ 'ಬೆಳೆಗಾರರು ಕಂಗಾಲಾಗಿದ್ದಾರೆ' ಅಂತ ಮೂರು ಕಡೆ ಬರೆದಿದ್ದೆ. ವಾಪಸ್ ಬಂತು. ಆಮೇಲೆ ಔಷಧಿ ಹೊಡೆಯುವ ದಿನ ಬೆಳಿಗ್ಗೆ ಆರಕ್ಕೇ ಹೋಗಿ ಅಡಿಕೆ ಮರ ಹತ್ತುವ ಕೊನೆಗೌಡನ ಪಕ್ಕ ಕೂತೆ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹದ ಬಂದಿದೆಯಾ ನೋಡಲು ಅವನು ಕತ್ತಿಯನ್ನು ಅದರಲ್ಲಿ ಅದ್ದಿದ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತು. 'ಸುಣ್ಣ ಸಾಲದು' ಅಂದ. ಇನ್ನಷ್ಟು ಸುಣ್ಣ ಹಾಕಿ ಕದಡಿ, ಮತ್ತೆ ಅದ್ದಿ, ಕೆಂಪು ಹತ್ತದೇ ಇದ್ದಾಗ ಮರ ಹತ್ತಿದ. ಅದನ್ನೇ ಮೊದಲ ಪ್ಯಾರಾ ಮಾಡಿದೆ. ಹದಿನೈದು ದಿನದಲ್ಲಿ ಪ್ರಕಟವಾಯಿತು. ಆದರೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಅನ್ನುವಲ್ಲಿ ಹತ್ತು ಕಿಲೋ ಅಂತ ಟೈಪ್ ಮಾಡಿದ್ದೆ. ತಿದ್ದುಪಡಿ ಹಾಕಿದರು. ಎಂಟು ತಿಂಗಳು ನನ್ನ ಲೇಖನ ತಗೊಳ್ಳಲೇ ಇಲ್ಲ. ಈಗ ಕಳಿಸುವ ಮೊದಲು ಪ್ರಿಂಟ್ ತೆಗೆದು ಒಂದೊಂದು ಅಂಕಿಗೂ ಪೆನ್ನಿನಿಂದ ಸುತ್ತು ಹಾಕಿ ನೋಡುತ್ತೇನೆ. ಇದನ್ನು ಯಾವ ಕೋರ್ಸೂ ಹೇಳಿಕೊಡಲಿಲ್ಲ.

ಕಾಳಿದಂಡೆ, ಕಾರವಾರ:
ತಾವು ಸೇರಿದ ಒಂದು ಕೋರ್ಸ್ ಕೆಟ್ಟದ್ದಿತ್ತು ಅಂತ ಎಲ್ಲವನ್ನೂ ಬೈಯಬಾರದು. ನನಗೆ ಕಲಿಸಿದವರು ಇಪ್ಪತ್ತು ವರ್ಷ ಪುರವಣಿ ಡೆಸ್ಕಿನಲ್ಲಿ ಲೇಖನ ತಿದ್ದುವ ಕೆಲಸ ಮಾಡಿದವರು. ಟಾಗೋರರು 1883ರಲ್ಲಿ ಕಾರವಾರಕ್ಕೆ ಬಂದ ಕಥೆಯನ್ನು ಮೂರು ಪತ್ರಿಕೆಗೆ ಕಳಿಸಿದ್ದೆ, ಮೂರೂ ಕಡೆ ಬೇಡ ಅಂದಿದ್ದರು. ಕಲಿಸಿದವರು ಅದನ್ನು ಓದಿ ಕೇಳಿದ್ದು ಇಷ್ಟೇ: 'ಇದು ಈ ವಾರವೇ ಯಾಕೆ ಬರಬೇಕು?' ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದನ್ನು ಬಿಟ್ಟು, ಕಾಳಿ ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ ಜನ ಹೊಳೆ ದಾಟುತ್ತಿದ್ದುದರ ಬಗ್ಗೆ ಸದಾಶಿವಗಡದ ಹಿರಿಯರನ್ನು ಮಾತಾಡಿಸಿದೆ. ಹನ್ನೊಂದು ಸಲ ಹೋಗಿದ್ದೇನೆ. ಬಸ್ ಚಾರ್ಜು, ಚಹಾ, ಹಳೇ ಫೋಟೊ ಸ್ಕ್ಯಾನ್ ಸೇರಿ 1,940 ರೂಪಾಯಿ. ಲೆಕ್ಕ ಬರೆದಿಟ್ಟಿದ್ದೇನೆ. ಎರಡು ವರ್ಷ ಯಾರೂ ತಗೊಳ್ಳಲಿಲ್ಲ. 2024ರ ಆಗಸ್ಟ್ 7ರಂದು, ಇನ್ನೂ ಬೆಳಕು ಹರಿಯುವ ಮುಂಚೆ, ಹಳೇ ಕಾಳಿ ಸೇತುವೆ ಕುಸಿಯಿತು. ಎಂಟು ಗಂಟೆಗೆ ಇಂಟ್ರೋ (ಮೊದಲ ಪ್ಯಾರಾ) ಮಾತ್ರ ಹೊಸದಾಗಿ ಬರೆದು ಕಳಿಸಿದೆ. ಆ ಭಾನುವಾರವೇ ಅರ್ಧ ಪುಟ ಬಂತು. ಗೌರವಧನ 800, ಅದೂ ಐದು ತಿಂಗಳ ಮೇಲೆ. ಇರಲಿ. ಕತ್ತರಿಸಿ ಫೈಲಿನಲ್ಲಿ ಇಟ್ಟಿದ್ದೇನೆ. ವೆಬ್‌ಸೈಟಿನಲ್ಲಿ ಬಂದದ್ದನ್ನು ಹೀಗೆ ಇಟ್ಟುಕೊಳ್ಳೋಕೆ ಆಗುತ್ತಾ?

ಉಪ್ಪಿನಾಗರ, ಗೋಕರ್ಣ:
ನಿಮ್ಮ ಪತ್ರಿಕೆಯ ಹೆಮ್ಮೆ ನನಗೆ ಬೇಡ ಸರ್. ಸಾಣಿಕಟ್ಟಾ ಆಗರದಲ್ಲಿ ಉಪ್ಪು ಎಳೆಯುವ ಒಬ್ಬ ಹೆಂಗಸಿನ ಜೊತೆ ಆರು ದಿನ ಬಿಸಿಲಲ್ಲಿ ನಿಂತು 1,100 ಪದ ಬರೆದೆ. ಪುರವಣಿಯಲ್ಲಿ ಬಂದದ್ದು 380. ಉಳಿದದ್ದು ಏನು ಗೊತ್ತಾ? 1930ರ ಅಂಕೋಲಾ ಉಪ್ಪಿನ ಸತ್ಯಾಗ್ರಹದ ಎರಡು ಪ್ಯಾರಾ. ಆ ಹೆಂಗಸಿನ ಕಥೆ ಪೂರ್ತಿ ಕತ್ತರಿಸಿಹೋಯಿತು, ಅವಳ ಹೆಸರು ಫೋಟೊ ಕೆಳಗೂ ಇಲ್ಲ. ಪತ್ರಿಕೆ ಹಿಡಿದು ಅವಳ ಮನೆಗೆ ಹೋಗುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ಪೂರ್ತಿ ಲೇಖನವನ್ನು ಒಂದು ವೆಬ್‌ಸೈಟಿಗೆ ಕೊಟ್ಟೆ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದು, ಯೂನಿಕೋಡಿಗೆ ಬದಲಾಯಿಸಿದಾಗ ಒತ್ತಕ್ಷರ, ಅರ್ಕಾವತ್ತು ಎಲ್ಲ ಕಲಸಿಹೋಯಿತು. ಮೂರು ರಾತ್ರಿ ಕೂತು ಸರಿ ಮಾಡಿದೆ. ಒಂದು ಪೈಸೆ ಬರಲಿಲ್ಲ, ಆದರೆ ಒಂದು ಸಾಲೂ ಕತ್ತರಿಸಲಿಲ್ಲ. ಒಂದೂವರೆ ವರ್ಷದ ಮೇಲೆ ಆ ವೆಬ್‌ಸೈಟೇ ಮುಚ್ಚಿತು, ಲೇಖನವೂ ಹೋಯಿತು. ನನ್ನ ಹತ್ತಿರ ಕಾಪಿ ಇಲ್ಲ. ಆದರೂ ಕೇಳಿದರೆ ಆನ್‌ಲೈನೇ ಅಂತೇನೆ.

ತೋಟದಮನೆ, ಶಿರಸಿ:
ಕಾಳಿದಂಡೆಯವರೇ, ನಾನು ಬೈದದ್ದು ನನ್ನ 9,700 ರೂಪಾಯಿ ಬಗ್ಗೆ. ಸೇತುವೆ ಬಿದ್ದದ್ದರಿಂದ ನಿಮ್ಮ ಲೇಖನ ಬಂತೇ ಹೊರತು ಕೋರ್ಸಿನಿಂದ ಅಲ್ಲ.

ಕಾಳಿದಂಡೆ, ಕಾರವಾರ:
ಹನ್ನೊಂದು ಸಲ ಹೋಗಿ ಬರೆದಿಟ್ಟುಕೊಂಡಿದ್ದಕ್ಕೆ ಬಂತು. ಸೇತುವೆ ಎಲ್ಲರಿಗೂ ಬಿತ್ತು. ಅವತ್ತು ಬೆಳಿಗ್ಗೆ ಬರಹ ಎಷ್ಟು ಜನರ ಕೈಯಲ್ಲಿ ತಯಾರಿತ್ತು?

ಬೆಟ್ಟದಬುಡ, ಅಂಕೋಲಾ:
ನೀವೆಲ್ಲ ಬರೆದವರು. ನಾನು ಬರೆಸಿಕೊಂಡ ಮನೆಯವಳು. ಹಾಲಕ್ಕಿ ಒಕ್ಕಲಿಗರ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದ ಮೇಲೆ ನಮ್ಮ ಹಾಲಕ್ಕಿ ಕೇರಿಗಳಿಗೆ ಬರೆಯೋರು ಜಾಸ್ತಿ ಆದರು. ನಮ್ಮಜ್ಜಿ ಹತ್ತಿರವೂ ಒಬ್ಬರು ಬಂದರು. ಅಜ್ಜಿ ಅರ್ಧ ದಿನ ಕೆಲಸ ಬಿಟ್ಟು ಹಾಡಿದಳು, ಕರಿಮಣಿ ಸರ ಹಾಕಿಕೊಂಡು ಫೋಟೊಕ್ಕೆ ಕೂತಳು. ಲೇಖನದಲ್ಲಿ ಅವಳ ಬಾಯಲ್ಲಿ 'ನಮ್ಮ ಸಂಸ್ಕೃತಿಯ ಸಂರಕ್ಷಣೆ ಅನಿವಾರ್ಯ' ಅಂತ ಇತ್ತಂತೆ, ಪ್ಯಾಟೆಯಲ್ಲಿ ಓದಿದವರು ಹೇಳಿದರು. ಅಜ್ಜಿ ಕೇಳಿದಳು, 'ಅನಿವಾರ್ಯ ಅಂದ್ರೆ ಏನೇ?' ಒಂದು ಪ್ರತಿ ಕಳಿಸಿ ಅಂತ ನಾಲ್ಕು ಸಲ ಫೋನ್ ಮಾಡಿದೆ. ಕಳಿಸಲಿಲ್ಲ.

ಕಾಳಿದಂಡೆ, ಕಾರವಾರ:
ಪ್ರತಿ ಕಳಿಸದೇ ಇದ್ದದ್ದು ತಪ್ಪು. ಆದರೆ ಭಾಷೆ ತಿದ್ದಲೇಬೇಕಾಗುತ್ತೆ ಅಕ್ಕಾ. ಬೀದರಿನವರಿಗೂ ಅರ್ಥ ಆಗಬೇಕಲ್ವಾ?

ಉಪ್ಪಿನಾಗರ, ಗೋಕರ್ಣ:
ಅರ್ಥ ಆಗುವ ಹಾಗೆ ಬರೆಯೋದು ಬೇರೆ, ಅವರು ಆಡದ ಮಾತನ್ನು ಅವರ ಬಾಯಿಗೆ ತುರುಕೋದು ಬೇರೆ. ಇದನ್ನೇನಾ ನಿಮ್ಮ ಡೆಸ್ಕಿನವರು ಕಲಿಸಿದ್ದು?

ಕಟ್ಟೆಕೆಲಸ, ಮಾಣಿಕಟ್ಟಾ:
ಕಗ್ಗದ ಬಗ್ಗೆ ಬರೆಯೋರಿಗೆ ನನ್ನದೊಂದು ಮಾತು. ಗೊಬ್ಬರ ಬೇಡದ ಬೆಳೆ, ಉಪ್ಪು ನೀರಿಗೆ ತಡೆಯುತ್ತೆ, ಇದನ್ನೇ ಎಲ್ಲರೂ ಬರೀತಾರೆ. ಹೊಳೆ ನೀರು ತಡೆಯುವ ಕಟ್ಟೆ ಒಡೆದು ಗಜನಿಗೆ ನೀರು ನುಗ್ಗಿದ ದಿನ ಯಾರೂ ಬರೋದಿಲ್ಲ. ಗದ್ದೆಯನ್ನ ಸೀಗಡಿ ಸಾಕೋಕೆ ಕೊಟ್ಟ ಅಂತ ಬೈಯೋಕೆ ಮಾತ್ರ ಬರ್ತೀರಿ.

ಗಜನಿ ಹುಡುಗಿ, ಕುಮಟಾ:
ನನ್ನ ಲೇಖನದಲ್ಲೂ ಕಟ್ಟೆಯ ವಿಷಯ ಒಂದೇ ಸಾಲಿದೆ. ಈ ಭಾನುವಾರ ಬಂದರೆ ತೋರಿಸ್ತೀರಾ ಅಣ್ಣಾ?

ಕಟ್ಟೆಕೆಲಸ, ಮಾಣಿಕಟ್ಟಾ:
ನೀರು ಇಳಿದಾಗ ಬನ್ನಿ. ಚಪ್ಪಲಿ ಬೇಡ.

ಬೆಟ್ಟದಬುಡ, ಅಂಕೋಲಾ:
ಅಜ್ಜಿ ಹೋದ ವರ್ಷ ತೀರಿಕೊಂಡಳು. ಅವಳ ಒಳ್ಳೇ ಫೋಟೊ ಇರೋದು ಆ ಪುಟದಲ್ಲಿ ಮಾತ್ರ. 2018ರ ಸಂಕ್ರಾಂತಿ ಹೊತ್ತಿನ ಪುರವಣಿ. ಯಾರ ಹತ್ತಿರವಾದರೂ ಹಳೇ ಕಟ್ಟು ಇದ್ದರೆ ಹೇಳಿ.

ಕಾಳಿದಂಡೆ, ಕಾರವಾರ:
ಪತ್ರಿಕೆ ಹೆಸರು ಇಲ್ಲಿ ಹಾಕಬೇಡಿ ಅಕ್ಕಾ, ನನಗೆ ಬೇರೆಯಾಗಿ ತಿಳಿಸಿ. ನನ್ನ ಕಟ್ಟಿನಲ್ಲಿ ಮೊದಲು ನೋಡ್ತೇನೆ. ಸಿಗದಿದ್ದರೆ ಗ್ರಂಥಾಲಯ. ಸೋಮವಾರ ರಜೆ, ಮಂಗಳವಾರ ಹೋಗ್ತೇನೆ.