ಸ್ನೋಬೋರ್ಡ್ ಹೊಸದಾಗಿ ಕಲಿಯೋಕೆ, ರಾತ್ರಿ ಕುಣಿಯೋಕೆ ಯಾವ ಸ್ಕೀ ರೆಸಾರ್ಟ್ ಒಳ್ಳೆಯದು?

ಕೇಳಿದ್ದು:

ನಾನು, ಇಬ್ಬರು ಗೆಳೆಯರು ಒಂದು ವಾರ ಸ್ನೋಬೋರ್ಡ್ ಕಲಿಯೋಕೆ ಹೋಗಬೇಕು ಅಂತಿದ್ದೇವೆ. ಮೂವರೂ ಹೊಸಬರು, ಬೋರ್ಡ್ ಮೇಲೆ ನಿಂತೇ ಗೊತ್ತಿಲ್ಲ. ಆದರೆ ಸಂಜೆಯಾದ ಮೇಲೆ ಸುಮ್ನೆ ರೂಮಿನಲ್ಲಿ ಕೂರುವವರೂ ಅಲ್ಲ. ಸಂಗೀತ, ಕುಣಿತ, ಜನ ಬೇಕು. ಯುರೋಪ್ ಆದರೆ ಒಳ್ಳೆಯದು, ಬೇರೆ ಕಡೆಯಾದರೂ ಸರಿ. ಹೋಗಿಬಂದವರು ನಿಮ್ಮ ಅನುಭವ ಹೇಳ್ತೀರಾ?

* * *

ಆಲ್ಪ್ಸ್‌ನಲ್ಲಿ ಬೋರ್ಡ್ ಕಲಿತವರ ಉತ್ತರ:

ಪಾರ್ಟಿ ಅಂದ ಕೂಡಲೇ ಎಲ್ಲರೂ ಆಸ್ಟ್ರಿಯಾದ ಸೇಂಟ್ ಆಂಟನ್ ಹೆಸರು ಹೇಳುತ್ತಾರೆ. ನೀವು ಅಲ್ಲಿಗೆ ಹೋಗಬೇಡಿ. ಅಲ್ಲಿನ ಹೆಸರುವಾಸಿ ಮೂಸರ್‌ವಿರ್ಟ್ ಬಾರ್ ಇರೋದು ಊರಿನ ಒಳಗಲ್ಲ, ಊರಿನ ಮೇಲಿನ ಇಳಿಜಾರಿನಲ್ಲಿ. ಮಧ್ಯಾಹ್ನವೇ ಕುಣಿತ ಶುರುವಾಗುತ್ತದೆ. ಕತ್ತಲಾದ ಮೇಲೆ ಜನ ಅದೇ ಇಳಿಜಾರಿನಲ್ಲಿ ಜಾರಿಕೊಂಡು ಊರು ಸೇರುತ್ತಾರೆ. ದಿನವಿಡೀ ಜನ ಓಡಾಡಿ ಉಬ್ಬುತಗ್ಗಾದ ಹಿಮದಲ್ಲಿ, ಕುಡಿದು, ಕತ್ತಲಲ್ಲಿ ಇಳಿಯೋದು ಹೊಸಬರ ಕೆಲಸವೇ ಅಲ್ಲ. ಅಲ್ಲಿ ನೀಲಿ ಅಂತ ಗುರುತು ಹಾಕಿದ ಎಷ್ಟೋ ದಾರಿಗಳು ಬೇರೆ ಊರಿನ ಕೆಂಪು ದಾರಿಯಷ್ಟು ಕಡಿದಾಗಿವೆ. ಆಸ್ಟ್ರಿಯಾ, ಇಟಲಿಗಳಲ್ಲಿ ನೀಲಿ ಅಂದರೆ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಫ್ರಾನ್ಸ್ ಮತ್ತು ಅಂಡೋರಾದಲ್ಲಿ ನೀಲಿಗಿಂತ ಸುಲಭವಾದ ಹಸಿರು ದಾರಿಯೂ ಇರುತ್ತದೆ. ಬಣ್ಣವನ್ನು ಆಯಾ ಬೆಟ್ಟದ ಬೇರೆ ದಾರಿಗಳ ಜೊತೆ ಹೋಲಿಸಿ ಕೊಡುತ್ತಾರೆ. ಹಾಗಾಗಿ ಒಂದು ಊರಿನ ನೀಲಿಯನ್ನು ಇನ್ನೊಂದು ಊರಿನ ನೀಲಿಗೆ ಹೋಲಿಸೋಕಾಗಲ್ಲ.

ರೆಸಾರ್ಟ್ ಆರಿಸುವಾಗ ಒಟ್ಟು ಎಷ್ಟು ಕಿಲೋಮೀಟರ್ ದಾರಿ ಇದೆ ಅನ್ನೋದನ್ನು ಮರೆತುಬಿಡಿ. ಮೊದಲ ವಾರದಲ್ಲಿ ನೀವು ಓಡಾಡೋದು ಒಂದೋ ಎರಡೋ ಇಳಿಜಾರು. ಆ ಒಂದೆರಡು ಇಳಿಜಾರು ಹೇಗಿವೆ, ಅಲ್ಲಿಗೆ ಯಾವ ಲಿಫ್ಟ್ (ಬೆಟ್ಟ ಹತ್ತಿಸುವ ಯಂತ್ರ) ಹೋಗುತ್ತದೆ, ಸಂಜೆ ಅಲ್ಲಿಂದ ಕೆಳಗೆ ಬರೋದು ಹೇಗೆ ಅನ್ನೋದೇ ಮುಖ್ಯ.

ಲಿಫ್ಟ್ ವಿಷಯ ಸ್ಕೀ ಮಾಡುವವರಿಗೆ ಅಷ್ಟು ತಲೆನೋವಲ್ಲ, ನಮಗೆ ದೊಡ್ಡ ವಿಷಯ. ಟಿ-ಬಾರ್ ಅಂತ ಒಂದಿದೆ. ಕೂರೋಕೆ ಸೀಟಿಲ್ಲ, ಒಂದು ಕಂಬಿ ನಿಮ್ಮನ್ನು ಹಿಮದ ಮೇಲೆ ಎಳೆದುಕೊಂಡು ಹೋಗುತ್ತದೆ. ಸ್ಕೀ ಮಾಡುವವರು ಎರಡೂ ಕಾಲು ಮುಂದಿಟ್ಟು ನೆಟ್ಟಗೆ ನಿಲ್ಲುತ್ತಾರೆ. ಬೋರ್ಡಿನವರು ಅಡ್ಡಡ್ಡ ನಿಂತು, ಹಿಂದಿನ ಕಾಲನ್ನು ಬೈಂಡಿಂಗಿನಿಂದ (ಬೂಟನ್ನು ಬೋರ್ಡಿಗೆ ಕಟ್ಟುವ ಪಟ್ಟಿ) ಬಿಡಿಸಿಕೊಂಡು, ಕಂಬಿಯನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು ಹೋಗಬೇಕು. ಕಲಿಯುವ ಜಾಗಕ್ಕೆ ಹತ್ತೋಕೆ ಟಿ-ಬಾರ್ ಮಾತ್ರ ಇದ್ದರೆ ನಿಮ್ಮ ಅರ್ಧ ಶಕ್ತಿ ಅದಕ್ಕೇ ಹೋಗುತ್ತದೆ. ನಕ್ಷೆಯಲ್ಲಿ ಕನ್ವೇಯರ್ ಬೆಲ್ಟ್, ಕುರ್ಚಿಯಲ್ಲಿ ಕೂತು ಹೋಗುವ ಚೇರ್‌ಲಿಫ್ಟ್, ತಂತಿಗೆ ತೂಗುವ ಮುಚ್ಚಿದ ಡಬ್ಬಿಯಂಥ ಗೊಂಡೊಲಾ ಇವೆಯಾ ಅಂತ ನೋಡಿ.

ಎರಡನೆಯದು ಸಮತಟ್ಟು ದಾರಿ. ಸ್ಕೀ ಮಾಡುವವರ ಕೈಯಲ್ಲಿ ಕೋಲು ಇರುತ್ತದೆ, ತಳ್ಳಿಕೊಂಡು ಹೋಗುತ್ತಾರೆ. ನಮಗೆ ವೇಗ ನಿಂತರೆ ನಿಂತೇ ಹೋಯಿತು. ಹಿಂದಿನ ಕಾಲು ಬಿಡಿಸಿ, ಒಂದೇ ಕಾಲಿನಲ್ಲಿ ತುಳಿಯುತ್ತಾ ಸಾಗಬೇಕು. ಹೊಸಬರಿಗೆ ಒಳ್ಳೆಯದು ಅಂತ ಬರೆದಿರುವ ಉದ್ದನೆಯ ಸುಲಭ ದಾರಿಗಳು ಎಷ್ಟೋ ಸಲ ಬೋರ್ಡಿಗೆ ಇದೇ ಕಾರಣಕ್ಕೆ ಕಷ್ಟ. ಕಿರಿದಾದ, ಉದ್ದವಾದ ದಾರಿಗಿಂತ ಅಗಲವಾದ, ಒಂದೇ ಸಮ ಇಳಿಯುವ ಮೈದಾನದಂಥ ಜಾಗ ಹುಡುಕಿ.

ಮೂರನೆಯದು ಸಂಜೆಯ ಇಳಿತ. ಗೊಂಡೊಲಾದಲ್ಲಿ ಕೂತು ಕೆಳಗೆ ಬರೋಕಾಗಬೇಕು. ಕೊನೆಯ ಗೊಂಡೊಲಾ ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ಮೇಲಿನ ಬಾರಿನಲ್ಲಿ ಹಾಡು ಜೋರಾದಾಗ ಈ ಹೊತ್ತು ತಪ್ಪೋದು ಬಹಳ ಸುಲಭ.

ಇಷ್ಟೆಲ್ಲ ಸೇರಿಸಿ ನೋಡಿದರೆ ನನ್ನ ಮೊದಲ ಆಯ್ಕೆ ಆಸ್ಟ್ರಿಯಾದ ಸಾಲ್‌ಬಾಕ್. ಊರಿಗೆ ತಾಗಿಕೊಂಡೇ ಸುಲಭ ಇಳಿಜಾರುಗಳಿವೆ, ನೀಲಿ ದಾರಿಗಳು ಧಾರಾಳ. 2025ರ ವಿಶ್ವ ಆಲ್ಪೈನ್ ಸ್ಕೀ ಚಾಂಪಿಯನ್‌ಶಿಪ್ ನಡೆದದ್ದು ಇಲ್ಲೇ, ಹಾಗಂತ ಹೆದರಬೇಡಿ, ಬೆಟ್ಟದಲ್ಲಿ ಎಲ್ಲ ಮಟ್ಟದವರಿಗೂ ಜಾಗ ಇದೆ. ಹಿಂಟರ್‌ಹಾಗ್ ಆಲ್ಮ್ ಅನ್ನೋ ಹಳೆಯ ಮರದ ಬಾರ್ ಊರಿನ ಸ್ವಲ್ಪ ಮೇಲೆ ಇಳಿಜಾರಿನ ಪಕ್ಕದಲ್ಲಿದೆ. ಸಂಜೆ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಊರಿನ ಬೀದಿಯಲ್ಲೂ ರಾತ್ರಿ ತಡವಾಗಿಯೇ ಸದ್ದು ಅಡಗೋದು. ಒಂದೇ ಕೊರತೆ: ಊರು ಇರೋದು ಸುಮಾರು 1,000 ಮೀಟರ್ ಎತ್ತರದಲ್ಲಿ. ಮಾರ್ಚ್ ಕೊನೆಗೆ ಹೋದರೆ ಕೆಳಗಿನ ಹಿಮ ಮಧ್ಯಾಹ್ನದ ಹೊತ್ತಿಗೆ ನೀರಾಡುತ್ತದೆ.

* * *

ಮಾಯರ್‌ಹೋಫನ್‌ಗೆ ಮತ ಹಾಕುವವರ ಉತ್ತರ:

ಮೇಲೆ ಹೇಳಿದ ಮೂರೂ ವಿಷಯ ನಿಜ. ನಾನು ಸೇರಿಸೋದು ಮಾಯರ್‌ಹೋಫನ್. ಅದೂ ಆಸ್ಟ್ರಿಯಾದ್ದೇ, ಸಿಲ್ಲರ್ಟಾಲ್ ಕಣಿವೆಯಲ್ಲಿದೆ. ಊರಿನ ಎರಡು ಕಡೆ ಎರಡು ಬೆಟ್ಟ. ಒಂದು ಪೆಂಕನ್, ಅಲ್ಲಿ ಹಾರಿ ಕಸರತ್ತು ಮಾಡೋಕೆ ದೊಡ್ಡ ಸ್ನೋಪಾರ್ಕ್ ಇದೆ, 78 ಶೇಕಡಾ ಇಳಿಜಾರಿನ ಹರಾಕಿರಿ ಅನ್ನೋ ಕಪ್ಪು ದಾರಿಯೂ ಇದೆ. ಇನ್ನೊಂದು ಅಹೋರ್ನ್. ನಿಮಗೆ ಬೇಕಾದದ್ದು ಅಹೋರ್ನ್. ಮೇಲೆ ಅಗಲವಾದ, ಬಿಸಿಲು ಬೀಳುವ, ಗದ್ದಲವಿಲ್ಲದ ಇಳಿಜಾರುಗಳು. ವೇಗವಾಗಿ ಬರುವವರೆಲ್ಲ ಪೆಂಕನ್‌ಗೆ ಹೋಗಿರುತ್ತಾರೆ, ಹಾಗಾಗಿ ಹಿಂದಿನಿಂದ ಯಾರಾದರೂ ಬಂದು ಗುದ್ದುತ್ತಾರೆ ಅನ್ನೋ ಭಯ ಕಡಿಮೆ. ಹೊಸಬರಿಗೆ ಈ ನೆಮ್ಮದಿ ಎಷ್ಟು ದೊಡ್ಡದು ಅಂತ ಅಲ್ಲಿ ನಿಂತಾಗಲೇ ಗೊತ್ತಾಗೋದು.

ಪೆಂಕನ್‌ನಿಂದ ಊರಿಗೆ ಇಳಿಯುವ ದಾರಿಯೇ ಇಲ್ಲ. ಪಳಗಿದವರೂ ಗೊಂಡೊಲಾದಲ್ಲೇ ಕೆಳಗೆ ಬರಬೇಕು. ಸಂಜೆ ನೇರವಾಗಿ ಊರಿನ ಮಧ್ಯಕ್ಕೆ ಬಂದಿಳಿದು ಅಲ್ಲಿಂದಲೇ ಬಾರುಗಳಿಗೆ ನಡೆದು ಹೋಗಬಹುದು. ಸ್ನೋಬಾಂಬಿಂಗ್ ಅನ್ನೋ ಸಂಗೀತ ಹಬ್ಬ ವರ್ಷಗಟ್ಟಲೆ ಏಪ್ರಿಲ್‌ನಲ್ಲಿ ನಡೆದದ್ದು ಇದೇ ಊರಲ್ಲಿ. ಆದರೆ ಹಬ್ಬದ ವಾರ ಕಲಿಯೋಕೆ ಹೋಗಬೇಡಿ. ಆಗ ಹಿಮವೂ ಮೆತ್ತಗಾಗಿರುತ್ತದೆ, ಬೆಳಿಗ್ಗೆ ಏಳೋಕೂ ಆಗಲ್ಲ.

* * *

ಅಂಡೋರಾ, ಬಲ್ಗೇರಿಯಾ ಎರಡೂ ನೋಡಿದವರ ಉತ್ತರ:

ಖರ್ಚಿನ ಮಾತು ಯಾರೂ ಎತ್ತಿಲ್ಲ. ಮೂವರು ಒಂದು ವಾರ ಹೋಗಿ, ಪಾಠಕ್ಕೂ ಕೊಟ್ಟು, ಸಾಮಾನು ಬಾಡಿಗೆಗೂ ಕೊಟ್ಟು, ರಾತ್ರಿಯೂ ಖರ್ಚು ಮಾಡೋದಾದರೆ ಅದು ಸಣ್ಣ ಮೊತ್ತ ಅಲ್ಲ. ಆಸ್ಟ್ರಿಯಾಕ್ಕಿಂತ ಅಗ್ಗವಾಗಿ ಆಗಬೇಕು ಅಂದರೆ ಈ ಎರಡು ದೇಶ ನೋಡಿ.

ಅಂಡೋರಾದ ಗ್ರಾಂಡ್‌ವಲೀರಾದಲ್ಲಿ ಸುಮಾರು 210 ಕಿಲೋಮೀಟರ್ ದಾರಿ ಒಂದಕ್ಕೊಂದು ಸೇರಿಕೊಂಡಿದೆ. ಅದರಲ್ಲಿ ನಿಮಗೆ ಎರಡು ಊರು ಮುಖ್ಯ. ಪಾಸ್ ದೆ ಲಾ ಕಾಸಾ ಫ್ರಾನ್ಸ್ ಗಡಿಯಲ್ಲಿದೆ. ರಾತ್ರಿ ಬದುಕೆಲ್ಲ ಅಲ್ಲೇ, ಮದ್ಯಕ್ಕೆ ತೆರಿಗೆ ಕಡಿಮೆ. ಸೊಲ್ಡೇವು ಊರಿನ ಕಲಿಕಾ ಶಾಲೆ ಬಹಳ ಹೆಸರು ಮಾಡಿದೆ, ಇಂಗ್ಲಿಷ್ ಮಾತನಾಡುವ ಶಿಕ್ಷಕರು ಜಾಸ್ತಿ. ಇದು ಸಣ್ಣ ವಿಷಯ ಅಲ್ಲ. ಶಿಕ್ಷಕರು "ಮೊಣಕಾಲು ಬಗ್ಗಿಸು" ಅನ್ನೋದಕ್ಕಿಂತ ಹೆಚ್ಚಿಗೆ ಏನೂ ಹೇಳಲಾಗದೆ ಇದ್ದರೆ ಕಲಿಕೆ ನಿಂತುಬಿಡುತ್ತದೆ. ನನ್ನ ಸಲಹೆ ಸೊಲ್ಡೇವುನಲ್ಲಿ ಉಳಿಯಿರಿ ಅಂತ. ಅಲ್ಲಿನ ಬಾರುಗಳೂ ಮೂವರು ಗೆಳೆಯರಿಗೆ ಸಾಕಷ್ಟಾಯಿತು. ಪಾಸ್ ದೆ ಲಾ ಕಾಸಾ 2,000 ಮೀಟರಿಗಿಂತ ಮೇಲಿದೆ, ಮರಗಳಿಲ್ಲ, ಗಾಳಿ ಜೋರು. ಮೋಡ ಇಳಿದ ದಿನ ನೆಲ ಯಾವುದು, ಆಕಾಶ ಯಾವುದು ಗೊತ್ತಾಗಲ್ಲ. ಇನ್ನೂ ನೇರ ನಿಲ್ಲೋಕೆ ಬರದವರಿಗೆ ಅದು ತಲೆ ತಿರುಗಿಸುತ್ತದೆ. ಅಂಡೋರಾಕ್ಕೆ ವಿಮಾನ ಇಳಿಯುವ ದೊಡ್ಡ ನಿಲ್ದಾಣ ಇಲ್ಲ, ತುಲೂಸ್ ಅಥವಾ ಬಾರ್ಸಿಲೋನಾದಿಂದ ಮೂರು ಗಂಟೆಯ ಬಸ್ ದಾರಿ.

ಬಲ್ಗೇರಿಯಾದ ಬಾನ್‌ಸ್ಕೋ ಇನ್ನೂ ಅಗ್ಗ, ರಾತ್ರಿಯೂ ಜೋರು. ಆದರೆ ಊರಿನಿಂದ ಮೇಲೆ ಹೋಗೋಕೆ ಇರೋದು ಒಂದೇ ಗೊಂಡೊಲಾ. ರಜೆಯ ದಿನಗಳಲ್ಲಿ ಅದರ ಸಾಲು ಬಹಳ ಉದ್ದ. ಬೇಗ ಎದ್ದವರಿಗೆ ಮಾತ್ರ ಬೇಗ ಬೆಟ್ಟ ಸಿಗುತ್ತದೆ, ತಡರಾತ್ರಿಯವರೆಗೆ ಕುಣಿದವರಿಗೆ ಇದು ಕಷ್ಟ. ಮೇಲಿನಿಂದ ಊರಿಗೆ ಇಳಿಯುವ ಉದ್ದನೆಯ ದಾರಿ ಕಿರಿದು, ಅಲ್ಲಲ್ಲಿ ಸಮತಟ್ಟು. ಮೊದಲ ಉತ್ತರದಲ್ಲಿ ಹೇಳಿದ ಸಮಸ್ಯೆ ಅಲ್ಲಿ ಪೂರ್ತಿ ಕಾಣುತ್ತದೆ. ಗೊಂಡೊಲಾದಲ್ಲೇ ಇಳಿಯಿರಿ.

* * *

ಇಟಲಿಯ ಪರವಾಗಿ ಒಂದು ಉತ್ತರ:

ಲಿವಿನ್ಯೊ! ಯಾಕೆ ಯಾರೂ ಹೇಳಿಲ್ಲ? 1,800 ಮೀಟರ್ ಎತ್ತರದ ಕಣಿವೆ, ಹಿಮ ನಂಬಬಹುದು. ಊರಿನ ಉದ್ದಕ್ಕೂ ಮೆತ್ತನೆಯ ಇಳಿಜಾರುಗಳು. 2026ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡ್ ಸ್ಪರ್ಧೆಗಳಿಗೆ ಆರಿಸಿದ ಜಾಗ ಇದು. ಬೋರ್ಡಿನವರನ್ನು ಇಲ್ಲಿ ಯಾರೂ ಎರಡನೇ ದರ್ಜೆಯವರಂತೆ ನೋಡಲ್ಲ. ಇದೂ ತೆರಿಗೆ ವಿನಾಯಿತಿ ಇರುವ ಊರು. ರಾತ್ರಿ ಸೇಂಟ್ ಆಂಟನ್‌ನಷ್ಟು ಹುಚ್ಚು ಇಲ್ಲ, ಆದರೆ ಚೆನ್ನಾಗಿದೆ. ವಿಮಾನ ನಿಲ್ದಾಣದಿಂದ ದೂರ, ಹೋಗುವ ದಿನ ಬರುವ ದಿನ ಎರಡೂ ಪ್ರಯಾಣದಲ್ಲೇ ಕಳೆಯುತ್ತವೆ.

ಇಟಲಿಯ ನಿಯಮ ಮಾತ್ರ ತಿಳಿದಿರಲಿ. 2022ರ ಜನವರಿಯಿಂದ ಇಳಿಜಾರಿಗೆ ಇಳಿಯುವ ಪ್ರತಿಯೊಬ್ಬರಿಗೂ ಬೇರೆಯವರಿಗೆ ಆಗುವ ಹಾನಿಯ ವಿಮೆ ಕಡ್ಡಾಯ. ಕುಡಿದು ಜಾರುವಂತಿಲ್ಲ, ರಕ್ತದಲ್ಲಿ ಮದ್ಯದ ಅಂಶ ಲೀಟರಿಗೆ 0.5 ಗ್ರಾಂ ದಾಟಿದರೆ ದಂಡ. ಹೆಲ್ಮೆಟ್ ಎಲ್ಲ ವಯಸ್ಸಿನವರೂ ಹಾಕಲೇಬೇಕು. ಬೇರೆ ದೇಶದಲ್ಲೂ ಇಷ್ಟನ್ನು ನೀವೇ ನಿಯಮ ಮಾಡಿಕೊಳ್ಳಿ. ಕುಡಿದು ಬಿದ್ದ ಗಾಯಕ್ಕೆ ಹಣ ಕೊಡದ ಪ್ರವಾಸ ವಿಮೆಗಳಿವೆ, ಓದಿ ನೋಡಿ ತೆಗೆದುಕೊಳ್ಳಿ.

* * *

ಫ್ರಾನ್ಸ್ ಮತ್ತು ಯುರೋಪಿನ ಹೊರಗಿನ ಬಗ್ಗೆ:

ಫ್ರಾನ್ಸ್‌ನಲ್ಲಿ ಆಲ್ಪ್ ದ್ಯುಎ ಊರಿನ ಮೇಲೆ ಅಗಲವಾದ ಹಸಿರು ದಾರಿಗಳಿವೆ, ಕಲಿಯೋಕೆ ಅಷ್ಟು ಒಳ್ಳೆಯ ಜಾಗ ಕಡಿಮೆ. ಹಗಲಲ್ಲೇ ಕುಣಿಸುವ ಫೋಲಿ ದೂಸ್ ಅನ್ನೋ ಬಾರ್ ಅಲ್ಲೂ ಇದೆ. 2019ರಿಂದ ಮಾರ್ಚ್‌ನಲ್ಲಿ ಟುಮಾರೋಲ್ಯಾಂಡ್ ವಿಂಟರ್ ಅನ್ನೋ ಸಂಗೀತ ಹಬ್ಬ ಅಲ್ಲೇ ನಡೆಯುತ್ತಿದೆ, ಆ ವಾರ ರೂಮ್ ಸಿಗೋದು ಕಷ್ಟ. ಹತ್ತಿರದ ಲೆ ದ್ಯೂಜ್ ಆಲ್ಪ್‌ನಲ್ಲಿ ರಾತ್ರಿ ಬದುಕು ಚೆನ್ನಾಗಿದೆ, ಆದರೆ ಬೆಟ್ಟ ತಲೆಕೆಳಗು: ಸುಲಭ ದಾರಿಗಳು ಮೇಲೆ ಹಿಮನದಿಯ ಮೇಲಿವೆ, ಊರಿಗೆ ಇಳಿಯುವ ಭಾಗ ಕಡಿದು.

ಕೆನಡಾದ ವಿಸ್ಲರ್ ಎಲ್ಲ ರೀತಿಯಲ್ಲೂ ಸರಿ. ಊರ ನಡುವೆ ಕಾರಿಲ್ಲ, ಬಾರುಗಳೆಲ್ಲ ನಡೆಯುವ ದೂರದಲ್ಲಿ, ಕಲಿಯುವ ಜಾಗಕ್ಕೆ ಗೊಂಡೊಲಾದಲ್ಲಿ ಹೋಗಿ ಗೊಂಡೊಲಾದಲ್ಲಿ ಬರಬಹುದು. ಬೆಲೆ ಮಾತ್ರ ಜಾಸ್ತಿ. ಅಲ್ಲಿ ಕುಡಿಯೋಕೆ 19 ವರ್ಷ ಆಗಿರಬೇಕು, ಅಮೆರಿಕದಲ್ಲಿ 21. ಅಮೆರಿಕಕ್ಕೆ ಹೋಗೋದಾದರೆ ನೆನಪಿಡಿ, ಯೂಟಾದ ಆಲ್ಟಾ ಮತ್ತು ಡಿಯರ್ ವ್ಯಾಲಿ, ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್‌ನಲ್ಲಿ ಸ್ನೋಬೋರ್ಡಿಗೆ ಪ್ರವೇಶವೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ರಜೆ ಸಿಗೋದಾದರೆ ನ್ಯೂಜಿಲೆಂಡ್‌ನ ಕ್ವೀನ್ಸ್‌ಟೌನ್ ನೋಡಿ. ಊರು ರಾತ್ರಿಯಿಡೀ ಎಚ್ಚರವಾಗಿರುತ್ತದೆ, ಬೆಟ್ಟಗಳಿಗೆ ಬಸ್ಸಿನಲ್ಲಿ ಹೋಗಬೇಕು.

* * *

ಕೇಳಿದವರು ಮತ್ತೆ:

ಎಲ್ಲರಿಗೂ ಧನ್ಯವಾದ. ಸಾಲ್‌ಬಾಕ್ ಅಥವಾ ಮಾಯರ್‌ಹೋಫನ್ ಕಡೆಗೆ ಮನಸ್ಸು ವಾಲಿದೆ. ಮಾರ್ಚ್‌ನಲ್ಲಿ ಹೋದರೆ ಹೇಗೆ? ರಾತ್ರಿ ಕುಣಿದು ಬೆಳಿಗ್ಗೆ ಪಾಠಕ್ಕೆ ಹೋಗೋಕೆ ನಿಜವಾಗಿ ಆಗುತ್ತಾ?

* * *

ಮೊದಲ ಉತ್ತರ ಕೊಟ್ಟವರು:

ಆಗುತ್ತದೆ, ಪಾಠವನ್ನು ಮಧ್ಯಾಹ್ನಕ್ಕೆ ಹಾಕಿಕೊಂಡರೆ. ಮಾರ್ಚ್‌ನಲ್ಲಿ ಹಗಲು ಹಿಮ ಕರಗಿ ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಇಳಿಜಾರು ಕಲ್ಲಿನಂತಿರುತ್ತದೆ, ಬೋರ್ಡಿನ ಅಂಚು ಹಿಡಿಯಲ್ಲ, ಬಿದ್ದರೆ ಮಣಿಕಟ್ಟಿಗೆ, ಬಾಲದ ಮೂಳೆಗೆ ಪೆಟ್ಟು. ಹನ್ನೊಂದರ ಹೊತ್ತಿಗೆ ಮೇಲಿನ ಪದರ ಮೆತ್ತಗಾಗುತ್ತದೆ. ಹೊಸಬರಿಗೆ ಅದೇ ಒಳ್ಳೆಯ ಹೊತ್ತು, ತಡವಾಗಿ ಏಳುವವರಿಗೂ ಅದೇ. ಬೋರ್ಡಿಗೆ ಮಧ್ಯಾಹ್ನದ ಗುಂಪು ಪಾಠ ಇದೆಯಾ ಅಂತ ಶಾಲೆಗೆ ಬರೆದು ಕೇಳಿ, ಇಲ್ಲದಿದ್ದರೆ ಮೂವರೂ ಸೇರಿ ಎರಡು ಗಂಟೆ ಖಾಸಗಿ ಶಿಕ್ಷಕರನ್ನು ಹಿಡಿಯಿರಿ.

ಮೊದಲ ಮೂರು ದಿನ ಪಾಠ ತಪ್ಪಿಸಬೇಡಿ. ಮೊದಲು ಬೋರ್ಡಿನ ಹಿಮ್ಮಡಿ ಕಡೆಯ ಅಂಚಿನ ಮೇಲೆ ನಿಂತು ಆಚೆ ಈಚೆ ಜಾರೋದು, ಆಮೇಲೆ ಕಾಲ್ಬೆರಳ ಕಡೆಯ ಅಂಚು, ಕೊನೆಗೆ ಎರಡನ್ನೂ ಸೇರಿಸಿ ತಿರುಗೋದು. ಎರಡನೇ ದಿನ ಮೈಯೆಲ್ಲ ನೋವು, ಬಿಟ್ಟುಬಿಡೋಣ ಅನಿಸುತ್ತದೆ. ಅದು ಎಲ್ಲರಿಗೂ ಆಗೋದೇ. ತಿರುವು ಬಂದ ಮೇಲೆ ಸಿಗುವ ಖುಷಿ ಬೇರೆಯೇ, ಅದಕ್ಕೆ ಮುಂಚೆ ನಿಲ್ಲಿಸಬೇಡಿ. ಹೊಸಬರಲ್ಲಿ ಮಣಿಕಟ್ಟು ಮುರಿಯೋದು ಬಹಳ ಸಾಮಾನ್ಯ. ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್, ಒಳಗೆ ಹಾಕುವ ಮೆತ್ತನೆಯ ಚಡ್ಡಿ ತೆಗೆದುಕೊಳ್ಳಿ. ಮುಂದೆ ಬೀಳುವಾಗ ಅಂಗೈ ಊರಬೇಡಿ, ಮುಷ್ಟಿ ಕಟ್ಟಿ, ಮಣಿಕಟ್ಟಿನಿಂದ ಮೊಣಕೈವರೆಗಿನ ಭಾಗದ ಮೇಲೆ ಬೀಳಿ. ಹಿಂದೆ ಬೀಳುವಾಗ ಕುಕ್ಕರಿಸಿ, ಗಲ್ಲ ಎದೆಗೆ ಒತ್ತಿಕೊಂಡು ಉರುಳಿ. ಬಾಡಿಗೆ ಬೂಟಿನಲ್ಲಿ ಹಿಮ್ಮಡಿ ಮೇಲೇಳಬಾರದು, ಎದ್ದರೆ ನಾಚಿಕೆಪಡದೆ ಬದಲಿಸಿಕೊಳ್ಳಿ. ಇನ್ನೊಂದು ಒಳ್ಳೆಯ ಸುದ್ದಿ, ಬೋರ್ಡಿನ ಬೂಟು ಮೆತ್ತಗಿರುತ್ತದೆ. ಸ್ಕೀ ಬೂಟಿನವರು ಒದ್ದಾಡುವಾಗ ನೀವು ಅದರಲ್ಲೇ ಕುಣಿಯಬಹುದು.

ಪಾಠದ ಆ ಮೊದಲ ಮೂರು ದಿನ ಸಂಜೆ ನಾಲ್ಕಕ್ಕೆ ಶುರುವಾಗುವ ಪಾರ್ಟಿಗೆ ಹೋಗಿ, ಎಂಟರ ಹೊತ್ತಿಗೆ ಊಟ ಮಾಡಿ ಮಲಗಿ. ಆಸ್ಟ್ರಿಯಾದಲ್ಲಿ ದಿನದ ಮುಖ್ಯ ಪಾರ್ಟಿ ಸಂಜೆಯದೇ, ಹಾಗಾಗಿ ಏನೂ ತಪ್ಪಿಸಿಕೊಂಡಂತಾಗಲ್ಲ. ಎತ್ತರದಲ್ಲಿ ಒಣ ಗಾಳಿಗೆ ಮೈಯ ನೀರು ಬೇಗ ಕಡಿಮೆಯಾಗುತ್ತದೆ, ಪ್ರತಿ ಗ್ಲಾಸಿನ ನಡುವೆ ನೀರು ಕುಡಿಯಿರಿ. ನಾಲ್ಕನೇ ರಾತ್ರಿಯಿಂದ ಕ್ಲಬ್ಬು ಮುಚ್ಚುವವರೆಗೂ ಇರಿ, ಮರುದಿನ ಹನ್ನೊಂದಕ್ಕೆ ಬೆಟ್ಟ ಹತ್ತಿ.

ಫೆಬ್ರವರಿಯಿಂದ ಮಾರ್ಚ್ ಮೊದಲ ದಿನಗಳವರೆಗೆ ಯುರೋಪಿನ ಶಾಲೆಗಳ ರಜೆ ಸರದಿಯಲ್ಲಿ ಬರುತ್ತದೆ, ಇಳಿಜಾರು ತುಂಬಿರುತ್ತದೆ. ಮಾರ್ಚ್ ಎರಡನೇ ವಾರ ಹಿಡಿಯಿರಿ. ಸಾಲ್‌ಬಾಕ್ ಆದರೆ ಪಕ್ಕದ ಹಿಂಟರ್‌ಗ್ಲೆಮ್ ಅಲ್ಲ, ಸಾಲ್‌ಬಾಕ್ ಊರ ಮಧ್ಯದಲ್ಲೇ ರೂಮ್ ನೋಡಿ. ಮಾಯರ್‌ಹೋಫನ್ ಆದರೆ ಅಹೋರ್ನ್ ಮತ್ತು ಪೆಂಕನ್ ಲಿಫ್ಟ್‌ಗಳ ನಡುವಿನ ಬೀದಿಯಲ್ಲಿ. ರಾತ್ರಿ ಹಿಮದ ರಸ್ತೆಯಲ್ಲಿ ಬಸ್ ಕಾಯುವಂತಾಗಬಾರದು.